ವಿಂಡೋ ಎಸಿ ತೊಳೆಯೋ ಮೊದಲು ಕೊಳೆ ಎಲ್ಲಿ ಕೂತಿದೆ ನೋಡಿ

ವಿಂಡೋ ಎಸಿ ಕ್ಲೀನ್ ಮಾಡಿದೆ ಅನ್ನುವವರಲ್ಲಿ ಹೆಚ್ಚಿನವರು ಮಾಡಿರುವುದು ಒಂದೇ ಕೆಲಸ. ಮುಂದಿನ ಗ್ರಿಲ್ ತೆಗೆದು, ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು, ಮತ್ತೆ ಹಾಕಿರುತ್ತಾರೆ. ಅದು ಮಾಡಲೇಬೇಕಾದ ಕೆಲಸ, ಬೇಡ ಅನ್ನುವುದಿಲ್ಲ. ಆದರೆ ಆಮೇಲೂ ಮುಗ್ಗಲು ವಾಸನೆ ಹೋಗಿರುವುದಿಲ್ಲ, ತಂಪೂ ಮೊದಲಿನಷ್ಟು ಬರುವುದಿಲ್ಲ. ಆಗ "ಗ್ಯಾಸ್ ಖಾಲಿಯಾಗಿರಬೇಕು" ಅಂತ ತೀರ್ಮಾನಿಸಿಬಿಡುತ್ತಾರೆ. ಎಷ್ಟೋ ಸಲ ಗ್ಯಾಸ್ ಸರಿಯಾಗಿಯೇ ಇರುತ್ತದೆ. ಕೊಳೆ ಮಾತ್ರ ನಾವು ತೊಳೆದ ಜಾಗ ಬಿಟ್ಟು ಬೇರೆ ಕಡೆ ಕೂತಿರುತ್ತದೆ.

ಆ ಜಾಗ ಹುಡುಕಲು ಎರಡು ಪ್ರಶ್ನೆ ಸಾಕು. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ನೀರು ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತದೆ? ಇವೆರಡು ಗೊತ್ತಾದರೆ ಯಾವ ಭಾಗವನ್ನು ಯಾವ ಕಡೆಯಿಂದ ತೊಳೆಯಬೇಕು, ಎಲ್ಲಿ ಕೈ ಹಾಕಲೇಬಾರದು ಅನ್ನುವುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಒಂದೇ ಪೆಟ್ಟಿಗೆ, ಎರಡು ಗಾಳಿ

ವಿಂಡೋ ಎಸಿಯ ಪೆಟ್ಟಿಗೆ ಒಂದೇ ಆದರೂ ಒಳಗೆ ಎರಡು ಭಾಗ. ಒಂದು ಕೋಣೆಯ ಕಡೆಗೆ, ಇನ್ನೊಂದು ಹೊರಗಡೆಗೆ. ಕೋಣೆಯ ಕಡೆ ತಣ್ಣಗಿನ ಕಾಯಿಲ್ ಇರುತ್ತದೆ, ಅದನ್ನು ಇವಾಪರೇಟರ್ ಅನ್ನುತ್ತಾರೆ. ಹೊರಗಡೆ ಬಿಸಿ ಕಾಯಿಲ್, ಅಂದರೆ ಕಂಡೆನ್ಸರ್. ಎರಡೂ ನೋಡಲು ಒಂದೇ ಥರ. ಕೊಳವೆಗಳ ಸಾಲು, ಅವುಗಳಿಗೆ ಪೋಣಿಸಿದ ನೂರಾರು ತೆಳ್ಳಗಿನ ಅಲ್ಯೂಮಿನಿಯಂ ಪಟ್ಟಿಗಳು. ಈ ಪಟ್ಟಿಗಳೇ ಫಿನ್‌ಗಳು. ಒಂದೊಂದರ ದಪ್ಪ ಹೆಚ್ಚೂಕಡಿಮೆ 0.1 ಮಿಲಿಮೀಟರ್. ನಡುವಿನ ಸಂದು ಒಂದೂವರೆ ಮಿಲಿಮೀಟರಿನಷ್ಟು. ಇಷ್ಟು ಸಣ್ಣ ಸಂದಿನಲ್ಲಿ ಧೂಳು ಸಿಕ್ಕಿಕೊಂಡರೆ ಗಾಳಿಯ ದಾರಿಯೇ ಮುಚ್ಚುತ್ತದೆ.

ಬಹುತೇಕ ಮಾಡೆಲ್‌ಗಳಲ್ಲಿ ಎರಡೂ ಭಾಗಕ್ಕೆ ಸೇರಿ ಮೋಟರ್ ಒಂದೇ. ಅದರ ಶಾಫ್ಟ್ ಎರಡೂ ಕಡೆ ಚಾಚಿರುತ್ತದೆ. ಒಳಗಿನ ತುದಿಗೆ ಸುತ್ತಲೂ ಸಣ್ಣ ಎಲೆಗಳಿರುವ ಡ್ರಮ್ಮಿನಂಥ ಬ್ಲೋವರ್, ಹೊರಗಿನ ತುದಿಗೆ ಮಾಮೂಲಿ ಫ್ಯಾನ್.

ಬ್ಲೋವರ್ ಕೋಣೆಯ ಗಾಳಿಯನ್ನು ಎಳೆಯುತ್ತದೆ. ಆ ಗಾಳಿ ಮೊದಲು ಫಿಲ್ಟರ್ ದಾಟುತ್ತದೆ, ಆಮೇಲೆ ತಣ್ಣಗಿನ ಕಾಯಿಲ್ ದಾಟುತ್ತದೆ, ಕೊನೆಗೆ ಬ್ಲೋವರ್‌ಗೆ ಬಂದು ಮೇಲಿನ ಅಥವಾ ಪಕ್ಕದ ಕಿಂಡಿಯಿಂದ ಮತ್ತೆ ಕೋಣೆಗೆ ಬರುತ್ತದೆ. ಫಿಲ್ಟರ್ ಅಂದರೆ ಬರೀ ಒಂದು ನೈಲಾನ್ ಬಲೆ. ಕೂದಲು, ದಪ್ಪ ಧೂಳು ಅದರಲ್ಲಿ ನಿಲ್ಲುತ್ತದೆ, ಸಣ್ಣದೆಲ್ಲ ನುಸುಳುತ್ತದೆ. ನುಸುಳಿದ್ದು ಒದ್ದೆಯಾದ ಕಾಯಿಲ್‌ನ ಮುಂಭಾಗಕ್ಕೆ ಅಂಟುತ್ತದೆ. ಅಲ್ಲಿಂದಲೂ ತಪ್ಪಿಸಿಕೊಂಡಿದ್ದು ಬ್ಲೋವರ್‌ನ ಎಲೆಗಳಿಗೆ ಮೆತ್ತಿಕೊಳ್ಳುತ್ತದೆ.

ಹೊರಗಡೆಯ ಕಥೆ ಬೇರೆ, ಜನ ಎಡವುವುದೂ ಅಲ್ಲೇ. ಹೊರಗಿನ ಫ್ಯಾನ್ ಪೆಟ್ಟಿಗೆಯ ಪಕ್ಕ ಮತ್ತು ಮೇಲಿನ ಸೀಳುಗಳಿಂದ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿಯನ್ನು ಕಂಡೆನ್ಸರ್ ಮೂಲಕ ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಧೂಳು ಕೂರುವುದು ಕಂಡೆನ್ಸರ್‌ನ ಒಳಮುಖದಲ್ಲಿ, ಫ್ಯಾನ್ ಇರುವ ಕಡೆ. ಹೊರಗೆ ನಿಂತು ನೋಡಿದರೆ ಕಾಣುವುದು ಇನ್ನೊಂದು ಮುಖ. ಅದು ಸಾಕಷ್ಟು ಚೊಕ್ಕಟವಾಗಿಯೇ ಕಾಣುತ್ತದೆ. "ಹಿಂದೆ ಏನೂ ಕೊಳೆ ಇಲ್ಲ" ಅಂತ ಜನ ಮೋಸ ಹೋಗುವುದು ಹೀಗೆ.

ನೀರಿನ ದಾರಿ

ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುತ್ತದಲ್ವಾ, ತಣ್ಣಗಿನ ಕಾಯಿಲ್ ಮೇಲೂ ಹಾಗೇ ಆಗುತ್ತದೆ. ಗಾಳಿಯಲ್ಲಿರುವ ತೇವ ಹನಿಗಟ್ಟಿ ಕೆಳಗಿನ ಟ್ರೇಗೆ ಇಳಿಯುತ್ತದೆ. ಹವೆಯಲ್ಲಿ ತೇವ ಜಾಸ್ತಿ ಇದ್ದರೆ ಒಂದೂವರೆ ಟನ್ನಿನ ಎಸಿಯಿಂದ ಗಂಟೆಗೆ ಒಂದೆರಡು ಲೀಟರ್ ನೀರು ಬರುವುದುಂಟು. ಇದನ್ನು ತೊಂದರೆ ಅಂದುಕೊಳ್ಳಬೇಡಿ, ಎಸಿಯ ಅರ್ಧ ಕೆಲಸವೇ ಇದು. 1902ರಲ್ಲಿ ವಿಲಿಸ್ ಕ್ಯಾರಿಯರ್ ಮೊದಲ ಆಧುನಿಕ ಎಸಿ ವ್ಯವಸ್ಥೆ ರೂಪಿಸಿದ್ದು ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ. ಅಲ್ಲಿನ ತಲೆನೋವು ಸೆಕೆಗಿಂತ ತೇವ. ಕಾಗದ ತೇವ ಹೀರಿ ಹಿಗ್ಗುತ್ತಿತ್ತು, ಬಣ್ಣದ ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ.

ಮುಂದಿನ ಟ್ರೇಯಿಂದ ನೀರು ಹಿಂದಿನ ಭಾಗಕ್ಕೆ ಹರಿಯುತ್ತದೆ. ಎಸಿಯನ್ನು ಹೊರಗಡೆಗೆ ಸ್ವಲ್ಪ ವಾಲಿಸಿ ಕೂರಿಸುವುದು ಇದಕ್ಕಾಗಿಯೇ. ಎಷ್ಟು ವಾಲಬೇಕು ಅನ್ನುವುದು ಆಯಾ ಮಾಡೆಲ್‌ನ ಕೈಪಿಡಿಯಲ್ಲಿ ಇರುತ್ತದೆ. ಅನೇಕ ಎಸಿಗಳಲ್ಲಿ ಹೊರಗಿನ ಫ್ಯಾನಿನ ಅಂಚಿಗೆ ಒಂದು ಬಳೆ ಇರುತ್ತದೆ. ಅದು ತಿರುಗುವಾಗ ಟ್ರೇಯ ನೀರನ್ನು ಎತ್ತಿ ಬಿಸಿ ಕಂಡೆನ್ಸರ್ ಮೇಲೆ ಚಿಮ್ಮಿಸುತ್ತದೆ. ನೀರು ಆವಿಯಾಗುತ್ತದೆ, ಕಂಡೆನ್ಸರ್ ತಣಿಯುತ್ತದೆ, ಅಷ್ಟರ ಮಟ್ಟಿಗೆ ಕರೆಂಟೂ ಉಳಿಯುತ್ತದೆ. ಎಸಿ ಓಡುವಾಗ ಹಿಂದೆ ನೀರು ಚಿಮ್ಮುವ ಸದ್ದು ಕೇಳಿದರೆ ಗಾಬರಿಯಾಗಬೇಡಿ. ಆ ಸದ್ದು ನಿಲ್ಲಿಸಲು ಟ್ರೇಗೆ ತೂತು ಕೊರೆಯುವವರೂ ಇದ್ದಾರೆ. ಅದರಿಂದ ಎಸಿಗೆ ನಷ್ಟವೇ ಹೊರತು ಲಾಭವಿಲ್ಲ.

ಈ ನೀರಿಗೆ ಧೂಳು ಸೇರಿದರೆ ಲೋಳೆ. ಲೋಳೆ ಇದ್ದಲ್ಲಿ ಬೂಷ್ಟು. ಮುಗ್ಗಲು ವಾಸನೆಯ ಮೂಲ ಇದೇ. ಮೇಲಿಂದ ಸುವಾಸನೆಯ ಸ್ಪ್ರೇ ಹೊಡೆದರೆ ಒಂದು ದಿನದ ಮಟ್ಟಿಗೆ ಮರೆಯಾಗಬಹುದು, ಅಷ್ಟೇ.

ಕೈ ಹಾಕುವ ಮುಂಚೆ

ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಹಾಗೆ ಪಕ್ಕಕ್ಕೆ ಇಡಿ. ಪ್ಲಗ್ ಇಲ್ಲದ ನೇರ ವೈರಿಂಗ್ ಇದ್ದರೆ ಎಂಸಿಬಿ, ಅಂದರೆ ಮೇನ್ ಬೋರ್ಡಿನ ಟ್ರಿಪ್ ಸ್ವಿಚ್, ಇಳಿಸಿ, ಮನೆಯಲ್ಲಿ ಎಲ್ಲರಿಗೂ ಹೇಳಿ. ಪ್ಲಗ್ ಕೈಯಲ್ಲಿ ಇರುವಾಗಲೇ ಅದರ ಪಿನ್‌ಗಳನ್ನೂ ನೋಡಿಬಿಡಿ. ಕಪ್ಪಾಗಿದ್ದರೆ ಅಥವಾ ಪ್ಲಾಸ್ಟಿಕ್ ಕರಗಿದ್ದರೆ ಸಾಕೆಟ್ ಸಡಿಲವಾಗಿದೆ ಅಂತ ಅರ್ಥ. ಕ್ಲೀನಿಂಗ್‌ಗಿಂತ ಮೊದಲು ಆಗಬೇಕಾದ ಕೆಲಸ ಅದು, ಎಲೆಕ್ಟ್ರಿಷಿಯನ್‌ಗೆ ಬಿಡಿ.

ಪ್ಲಗ್ ತೆಗೆದ ಮೇಲೂ ಕರೆಂಟ್ ಉಳಿಯುವ ಒಂದು ಜಾಗವಿದೆ, ಕೆಪಾಸಿಟರ್. ಕಂಪ್ರೆಸರ್ (ಗ್ಯಾಸನ್ನು ಒತ್ತಿ ಕೊಳವೆಗಳಲ್ಲಿ ಸುತ್ತಿಸುವ ಯಂತ್ರ) ಮತ್ತು ಫ್ಯಾನ್ ಮೋಟರ್‌ಗೆ ಸಹಾಯ ಮಾಡುವ ಸಿಲಿಂಡರ್ ಆಕಾರದ ಡಬ್ಬಿ ಅದು. ಪ್ಲಗ್ ಕಿತ್ತು ಎಷ್ಟೋ ಹೊತ್ತಾದ ಮೇಲೂ ಜೋರಾದ ಶಾಕ್ ಹೊಡೆಯುವಷ್ಟು ಚಾರ್ಜ್ ಅದರಲ್ಲಿ ಉಳಿದಿರಬಹುದು. ಸ್ವಿಚ್‌ಗಳ ಹಿಂದೆ ವೈರುಗಳಿರುವ ಕಂಟ್ರೋಲ್ ಬಾಕ್ಸ್ ಒಳಗೆ ಅದು ಕೂತಿರುತ್ತದೆ. ಮನೆಯಲ್ಲಿ ಕ್ಲೀನ್ ಮಾಡುವವರಿಗೆ ಆ ಬಾಕ್ಸ್ ಬಿಚ್ಚುವ ಯಾವ ಅಗತ್ಯವೂ ಇಲ್ಲ. ಬಿಚ್ಚಬೇಡಿ. ನೀರು ಬಳಸುವ ಮೊದಲು ಅದನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಟೇಪ್ ಹಾಕಿ.

ಫಿನ್‌ಗಳ ಅಂಚು ಬ್ಲೇಡಿನಷ್ಟೇ ಹರಿತ. ದಪ್ಪ ಕೈಗವಸು ಹಾಕಿಕೊಳ್ಳಿ. ಇನ್ನು ಕಾಯಿಲ್ ಒಳಗಿನ ಗ್ಯಾಸ್. ಹೊಸ ಎಸಿಗಳಲ್ಲಿ ಬರುವ ಆರ್-32 ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಗುಣದ್ದು. ಆರ್-290 ಅಂದರೆ ಪ್ರೊಪೇನೇ, ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ನಿಮ್ಮ ಎಸಿಯಲ್ಲಿ ಯಾವುದಿದೆ ಅಂತ ಅದರ ಲೇಬಲ್ ಮೇಲೆ ಬರೆದಿರುತ್ತದೆ. ಚಾಕು, ಚೂಪಾದ ಸ್ಕ್ರೂ ಡ್ರೈವರ್ ಇವುಗಳಿಂದ ಕಾಯಿಲ್ ಕೆರೆಯುವುದು, ಮಂಜು ಕಟ್ಟಿದ್ದರೆ ಚುಚ್ಚಿ ಕೀಳುವುದು, ಇವೆರಡೂ ಬೇಡವೇ ಬೇಡ. ಕೊಳವೆ ತೂತಾಗಿ ಗ್ಯಾಸ್ ಬುಸ್ಸೆಂದರೆ ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಯಾವ ಸ್ವಿಚ್ಚೂ ಮುಟ್ಟಬೇಡಿ, ಬೆಂಕಿ ಹಚ್ಚಬೇಡಿ.

ಫಿಲ್ಟರ್, ಆಮೇಲೆ ಕಾಯಿಲ್

ಫಿಲ್ಟರ್ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಧೂಳು ಕೂತ ಮುಖ ಕೆಳಗೆ ಮಾಡಿ, ಹಿಂಭಾಗದಿಂದ ನೀರು ಬಿಡಿ. ಆಗ ಧೂಳು ಬಂದ ದಾರಿಯಲ್ಲೇ ಹೊರಬೀಳುತ್ತದೆ. ಜಿಡ್ಡಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಸಾಕು. ನೀರು ಉಗುರುಬೆಚ್ಚಗಿದ್ದರೆ ಸರಿ, ಬಿಸಿ ಬೇಡ, ಬಲೆ ಸೊಟ್ಟಗಾಗುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಲಿ. ಅದು ಒಣಗುವವರೆಗೆ "ಸುಮ್ನೆ ಸ್ವಲ್ಪ ಹೊತ್ತು" ಅಂತ ಫಿಲ್ಟರ್ ಇಲ್ಲದೆ ಎಸಿ ಓಡಿಸಬೇಡಿ. ದಿನಾ ಬಳಸುವ ಎಸಿಗೆ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆದರೆ ಮುಂದಿನ ಕೆಲಸಗಳೆಲ್ಲ ಅಪರೂಪವಾಗುತ್ತವೆ.

ಫಿಲ್ಟರ್ ಮತ್ತು ಗ್ರಿಲ್ ತೆಗೆದ ಮೇಲೆ ಕಾಯಿಲ್ ಎದುರಾಗುತ್ತದೆ. ಅದರ ಮುಂದೆ ಕ್ಲಿಪ್ಪಿಗೆ ಸಿಕ್ಕಿಸಿದ ಒಂದು ಸಣ್ಣ ಸೆನ್ಸರ್ ಇರುತ್ತದೆ. ಹಳೆಯ ನಾಬ್ ಮಾಡೆಲ್‌ನಲ್ಲಾದರೆ ತೆಳ್ಳಗಿನ ತಾಮ್ರದ ಕೊಳವೆ. ಕೋಣೆಯ ಗಾಳಿ ಎಷ್ಟು ಬೆಚ್ಚಗಿದೆ ಅಂತ ನೋಡುವುದು ಇದೇ. ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಕೊಳವೆಯನ್ನು ಮಡಚಬೇಡಿ. ಕೆಲಸ ಮುಗಿದ ಮೇಲೆ ಅದು ಇದ್ದ ಜಾಗಕ್ಕೇ ವಾಪಸ್ ಹೋಗಬೇಕು. ಗಾಳಿಯ ಸೆನ್ಸರ್ ಜಾರಿ ತಣ್ಣಗಿನ ಕಾಯಿಲ್‌ಗೆ ತಾಗಿಕೊಂಡರೆ, ಕೋಣೆ ತಂಪಾಯಿತು ಅಂದುಕೊಂಡು ಎಸಿ ಬೇಗ ಬೇಗ ಕಂಪ್ರೆಸರ್ ನಿಲ್ಲಿಸುತ್ತದೆ. "ಸರ್ವಿಸ್ ಆದ ಮೇಲೆ ತಂಪು ಕಡಿಮೆಯಾಯಿತು" ಅನ್ನುವ ದೂರಿಗೆ ಇದೂ ಒಂದು ಕಾರಣ.

ಕಾಯಿಲ್ ಮೊದಲು ಒಣಗಿದ್ದಾಗಲೇ ಧೂಳು ತೆಗೆಯಬೇಕು. ಒದ್ದೆ ಮಾಡಿದರೆ ಧೂಳು ಕೆಸರಾಗಿ ಸಂದಿಗೆ ಇಳಿಯುತ್ತದೆ. ಮೆತ್ತನೆಯ ಪೇಂಟ್ ಬ್ರಷ್ ಸಾಕು. ಫಿನ್‌ಗಳು ಮೇಲಿಂದ ಕೆಳಕ್ಕೆ ನಿಂತಿರುತ್ತವೆ, ಬ್ರಷ್ ಕೂಡ ಮೇಲಿಂದ ಕೆಳಕ್ಕೇ ಆಡಬೇಕು. ಅಡ್ಡ ಎಳೆದರೆ ಫಿನ್‌ಗಳು ಮಲಗಿಬಿಡುತ್ತವೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಬ್ರಷ್ ತುದಿ ಹಾಕಿ, ತೀರಾ ಒತ್ತದೆ ಎಳೆಯಿರಿ. ಈಗಾಗಲೇ ಬಾಗಿದ ಫಿನ್‌ಗಳನ್ನು ಅದಕ್ಕೆಂದೇ ಸಿಗುವ ಬಾಚಣಿಗೆಯಿಂದ ನೆಟ್ಟಗೆ ಮಾಡಬಹುದು. ಹಲ್ಲಿನ ಅಂತರ ನಿಮ್ಮ ಕಾಯಿಲ್‌ನ ಸಂದಿಗೆ ಹೊಂದಬೇಕು.

ಆಮೇಲೆ ತೊಳೆಯುವುದು. ಇಲ್ಲಿ ಎಲ್ಲರೂ ಹೇಳುವ ಮನೆಮದ್ದು ವಿನೆಗರ್ ಮತ್ತು ಸೋಡಾ. ನನಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ, ಕಾರಣ ಹೇಳುತ್ತೇನೆ. ಅಲ್ಯೂಮಿನಿಯಂ ತುಕ್ಕು ಹಿಡಿಯದೆ ಬಾಳುವುದು ಅದರ ಮೈಮೇಲೆ ತಾನಾಗಿ ಕಟ್ಟಿಕೊಳ್ಳುವ ತೆಳುವಾದ ಆಕ್ಸೈಡ್ ಪದರದಿಂದ. ಆ ಪದರ ಗಟ್ಟಿಯಾಗಿ ನಿಲ್ಲುವುದು ಪಿಎಚ್ (ಹುಳಿ, ಕ್ಷಾರ ಅಳೆಯುವ ಅಂಕಿ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಸುಮಾರು 4ರಿಂದ 8.5ರ ನಡುವೆ. ವಿನೆಗರ್‌ನ ಪಿಎಚ್ 2.5ರ ಆಸುಪಾಸು. ವಾಷಿಂಗ್ ಸೋಡಾ ಕರಗಿಸಿದ ನೀರಿನದು 11. ಬಟ್ಟೆಗೆ ಹಾಕುವ ಬ್ಲೀಚ್‌ನದು 11ರಿಂದ 13, ಮೇಲಾಗಿ ಕ್ಲೋರಿನ್ ಬೇರೆ. ಹುಳಿಯೂ ಕ್ಷಾರವೂ ಆ ಪದರವನ್ನು ತಿನ್ನುತ್ತವೆ. ಪದರ ಹೋದ ಫಿನ್ ಮಂಕಾಗಿ, ಬಿಳಿ ಪುಡಿ ಕಟ್ಟಿ, ಕೊನೆಗೆ ಉದುರುತ್ತದೆ. ನೀರು ಬೆರೆಸಿದ ವಿನೆಗರ್ ಒಂದು ಸಲ ಹಾಕಿ ಚೆನ್ನಾಗಿ ತೊಳೆದುಬಿಟ್ಟರೆ ಅನಾಹುತವೇನೂ ಆಗದು. ಆದರೆ ತಣ್ಣಗಿನ ಕಾಯಿಲ್‌ನ ಸಂದಿಗಳನ್ನು ಪೂರ್ತಿ ತೊಳೆಯುವುದೇ ಕಷ್ಟದ ಕೆಲಸ. ಹಾಗಿರುವಾಗ ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಅಂಗಡಿಯ ಕಾಯಿಲ್ ಕ್ಲೀನರ್ ತರುವುದಾದರೆ ಇವಾಪರೇಟರ್‌ಗೆ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನೇ ತನ್ನಿ. ಹೊರಗಿನ ಕಾಯಿಲ್‌ಗಾಗಿ ಮಾಡಿದ ಕ್ಷಾರದ ನೊರೆಗಳೂ ಇವೆ, ಅವುಗಳ ಘಾಟು ಕೋಣೆಯೊಳಗೆ ಬರಬಾರದು. ಮತ್ತೆ, ಬ್ಲೀಚ್ ಜೊತೆ ವಿನೆಗರ್ ಅಥವಾ ಅಮೋನಿಯಾ ಯಾವತ್ತೂ ಸೇರಿಸಬೇಡಿ. ಹೊರಬರುವುದು ವಿಷದ ಗಾಳಿ.

ಸಾಬೂನು ನೀರನ್ನು ಗಿಡಗಳಿಗೆ ಹೊಡೆಯುವ ಕೈಪಂಪಿನಿಂದ ಮೇಲಿಂದ ಕೆಳಕ್ಕೆ ಸಿಂಪಡಿಸಿ. ಹತ್ತು ನಿಮಿಷ ಬಿಡಿ. ಆಮೇಲೆ ಬರೀ ನೀರು ಸಿಂಪಡಿಸಿ. ಕೆಳಗಿನ ಟ್ರೇಯಲ್ಲಿ ಕಪ್ಪು ನೀರು ಬರುವುದು ನಿಲ್ಲುವವರೆಗೆ ಇದೇ ನಡೆಯಲಿ. ವಾಹನ ತೊಳೆಯುವ ಪ್ರೆಷರ್ ಪೈಪು ಬೇಡ. ಅದರ ಹೊಡೆತಕ್ಕೆ ಫಿನ್‌ಗಳು ಬಾಗುತ್ತವೆ, ನೀರು ಮೋಟರ್ ತನಕ ನುಗ್ಗುತ್ತದೆ.

ವಾಸನೆ ಬರುವುದು ಬ್ಲೋವರ್‌ನಿಂದ

ಕಾಯಿಲ್ ಹೊಳೆಯುತ್ತಿದ್ದರೂ ವಾಸನೆ ಹೋಗದಿದ್ದರೆ ಬ್ಲೋವರ್ ಕಡೆ ನೋಡಿ. ಗಾಳಿ ಬರುವ ಕಿಂಡಿಯೊಳಗೆ ಟಾರ್ಚ್ ಬಿಟ್ಟರೆ ಅದರ ಎಲೆಗಳು ಕಾಣುತ್ತವೆ. ಪ್ರತಿ ಎಲೆಯೂ ಸ್ವಲ್ಪ ಬಾಗಿರುತ್ತದೆ. ಆ ಬಾಗಿದ ಹೊಟ್ಟೆಯಲ್ಲಿ ಧೂಳು ತುಂಬಿಕೊಂಡರೆ ಬ್ಲೋವರ್ ಅದೇ ವೇಗದಲ್ಲಿ ತಿರುಗುತ್ತದೆ, ಗಾಳಿ ಮಾತ್ರ ಕಡಿಮೆ ತಳ್ಳುತ್ತದೆ. ಫ್ಯಾನ್ ಜೋರಾಗಿಟ್ಟರೂ ಗಾಳಿ ಬರುವುದಿಲ್ಲ ಅನ್ನುವ ಎಷ್ಟೋ ಎಸಿಗಳಿಗೆ ಇದೇ ರೋಗ.

ಉದ್ದ ಹಿಡಿಯ ಬಾಟಲ್ ಬ್ರಷ್ ತೆಗೆದುಕೊಳ್ಳಿ. ಬ್ಲೋವರನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತಾ, ಒಂದೊಂದೇ ಎಲೆಯನ್ನು ಸಾಬೂನು ನೀರಿನ ಬ್ರಷ್‌ನಿಂದ ಉಜ್ಜಿ. ಬೇಜಾರಿನ ಕೆಲಸ, ಹಾಗಾಗಿಯೇ ಯಾರೂ ಮಾಡುವುದಿಲ್ಲ. ಕೆಲವು ಬ್ಲೋವರ್‌ಗಳ ಎಲೆಯ ಮೇಲೆ ಸಣ್ಣ ಲೋಹದ ಕ್ಲಿಪ್ ಇರುತ್ತದೆ. ಕೊಳೆ ಅಂದುಕೊಂಡು ಕೀಳಬೇಡಿ. ತಿರುಗುವಾಗ ಬ್ಲೋವರ್ ಅದುರದಂತೆ ತೂಕ ಸರಿಮಾಡಲು ಹಾಕಿರುವುದು ಅದು. ಸುತ್ತಲಿನ ಗಾಳಿಯ ದಾರಿ ಅನೇಕ ಎಸಿಗಳಲ್ಲಿ ಥರ್ಮಾಕೋಲಿನದು. ಬ್ರಷ್ ಜೋರಾಗಿ ತಾಗಿದರೆ ತುಂಡಾಗಿ ಬರುತ್ತದೆ. ಅದರ ಮೇಲಿನ ಕಪ್ಪು ಚುಕ್ಕಿಗಳೇ ಬೂಷ್ಟು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬೂಷ್ಟು ಜಾಸ್ತಿ ಇದ್ದರೆ ಮೂಗು ಬಾಯಿಗೆ ಮಾಸ್ಕ್ ಇರಲಿ. ಅಸ್ತಮಾ ಇರುವವರು ಈ ಕೆಲಸ ಬೇರೆಯವರಿಗೆ ಬಿಡುವುದು ಒಳ್ಳೆಯದು.

ಟ್ರೇ ಮತ್ತು ಕಂಡೆನ್ಸರ್

ಟ್ರೇಯಲ್ಲಿ ಲೋಳೆ ಕಟ್ಟಿದರೆ ಮುಂದಿನಿಂದ ಹಿಂದಕ್ಕೆ ನೀರು ಹೋಗುವ ಕಿಂಡಿ ಮುಚ್ಚಿಕೊಳ್ಳುತ್ತದೆ. ಎಸಿ ಕೋಣೆಯೊಳಗೆ ತೊಟ್ಟಿಕ್ಕಲು ಮುಖ್ಯ ಕಾರಣ ಇದು, ಇನ್ನೊಂದು ಎಸಿ ಒಳಗಡೆಗೆ ವಾಲಿರುವುದು. ಬಟ್ಟೆಯಿಂದ ಲೋಳೆ ಬಾಚಿ ತೆಗೆದು, ಒಂದು ಲೋಟ ನೀರು ಸುರಿದು, ಅದು ಹಿಂದಕ್ಕೆ ಓಡುತ್ತದಾ ನೋಡಿ. ತಿಂಗಳುಗಟ್ಟಲೆ ಎಸಿ ಬಳಸದಿದ್ದಾಗ ಟ್ರೇಯಲ್ಲಿ ನೀರು ನಿಂತರೆ ಸೊಳ್ಳೆಗೂ ಅದೇ ಮನೆ.

ಕಂಡೆನ್ಸರ್ ವಿಷಯದಲ್ಲಿ ಸ್ವಲ್ಪ ಯೋಚಿಸಿ. ಅದರ ಒಳಮುಖದ ಕೊಳೆ ತೆಗೆಯಲು ಎಸಿಯನ್ನು ಕಿಟಕಿಯಿಂದ ಇಳಿಸಬೇಕು, ಇಲ್ಲವೇ ಒಳಗಿನ ಚಾಸಿಯನ್ನು ಹೊರಗಿನ ಕವಚದಿಂದ ಎಳೆದುಕೊಳ್ಳಬೇಕು. ದೊಡ್ಡ ವಿಂಡೋ ಎಸಿ 50 ಕಿಲೋ ಆಸುಪಾಸು ತೂಗುತ್ತದೆ, ಅದರಲ್ಲೂ ಕಂಪ್ರೆಸರ್ ಇರುವ ಹಿಂಭಾಗವೇ ಭಾರ. ಮಹಡಿಯ ಮೇಲಿನ ಕಿಟಕಿಯಾಗಿದ್ದರೆ ಈ ಸಾಹಸ ಬೇಡ, ವರ್ಷಕ್ಕೊಮ್ಮೆ ಮೆಕ್ಯಾನಿಕ್ ಕರೆಸಿ. ನೆಲಮಟ್ಟದಲ್ಲಿದ್ದು, ಜೊತೆಗೆ ಇನ್ನೊಬ್ಬರು ಗಟ್ಟಿಮುಟ್ಟಾದವರು ಇದ್ದರೆ ನೀವೇ ಮಾಡಬಹುದು.

ಇಳಿಸಿದ ಮೇಲೆ ಎಸಿ ನೆಟ್ಟಗೇ ಇರಲಿ. ಪಕ್ಕಕ್ಕೆ ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಫ್ಯಾನ್ ಮೋಟರ್ ಮತ್ತು ಕಂಟ್ರೋಲ್ ಬಾಕ್ಸನ್ನು ಪ್ಲಾಸ್ಟಿಕ್‌ನಿಂದ ಕಟ್ಟಿ. ಒಳಮುಖದ ಧೂಳಿನ ಪದರವನ್ನು ಮೊದಲು ಬ್ರಷ್‌ನಿಂದ ಎಬ್ಬಿಸಿ ತೆಗೆಯಿರಿ. ಆಮೇಲೆ ಹಿಂದೆ ನಿಂತು, ಹೊರಮುಖದಿಂದ ಒಳಗಡೆಗೆ ಮೆಲ್ಲಗೆ ನೀರು ಬಿಡಿ. ಗಾಳಿ ಹೋಗುವ ದಿಕ್ಕಿಗೆ ಇದು ಎದುರು. ಗಾಳಿ ತಳ್ಳಿ ಕೂರಿಸಿದ ಕೊಳೆಯನ್ನು ನೀರು ವಾಪಸ್ ತಳ್ಳುತ್ತದೆ. ಒಳಮುಖದಿಂದ ನೀರು ಹೊಡೆದರೆ ಅದೇ ಕೊಳೆ ಫಿನ್‌ಗಳ ನಡುವೆ ಇನ್ನೂ ಆಳಕ್ಕೆ ಹೋಗಿ ಕೂರುತ್ತದೆ.

ಒಣಗಿಸಿ, ಆಮೇಲೆ ಓಡಿಸಿ

ಅವಸರ ಮಾಡುವ ಹಂತ ಇದೇ. ಪ್ಲಾಸ್ಟಿಕ್ ಬಿಚ್ಚಿ, ಗಾಳಿಯಾಡುವ ಕಡೆ ರಾತ್ರಿಯಿಡೀ ಒಣಗಲು ಬಿಡಿ. ಸ್ವಿಚ್ಚು, ವೈರುಗಳ ಸುತ್ತ ಹನಿ ಇದ್ದರೆ ಇನ್ನೂ ಕಾಯಿರಿ. ಸೆನ್ಸರ್, ಫಿಲ್ಟರ್, ಗ್ರಿಲ್ ಸ್ವಸ್ಥಾನಕ್ಕೆ ಬರಲಿ. ಹೊರಗಿನ ಗಾಳಿ ಒಳಬಿಡುವ ಸಣ್ಣ ಲಿವರ್ ಇದ್ದರೆ ಅದು ಮುಚ್ಚಿದೆಯಾ ನೋಡಿ. ಕ್ಲೀನ್ ಮಾಡುವಾಗ ಕೈ ತಾಗಿ ತೆರೆದುಕೊಂಡಿದ್ದರೆ ಬಿಸಿ ಗಾಳಿ ಬರುತ್ತಲೇ ಇರುತ್ತದೆ.

ಮೊದಲು ಅರ್ಧ ಗಂಟೆ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ. ಏನಾದರೂ ತಾಗುವ, ಉಜ್ಜುವ ಸದ್ದು ಇದೆಯಾ ಕೇಳಿ. ಆಮೇಲೆ ಕೂಲ್. ಎಸಿ ಅಕಸ್ಮಾತ್ ಮಲಗಿದ್ದರೆ ಕೆಲವು ಗಂಟೆ ನೆಟ್ಟಗೆ ನಿಂತ ಮೇಲೆಯೇ ಕೂಲ್‌ಗೆ ಹಾಕಬೇಕು. ಆಫ್ ಮಾಡಿ ಮತ್ತೆ ಆನ್ ಮಾಡುವಾಗ ಮೂರು ನಿಮಿಷ ಬಿಡಿ, ಕೊಳವೆಗಳೊಳಗಿನ ಒತ್ತಡ ಸಮವಾಗಲು ಅಷ್ಟು ಹೊತ್ತು ಬೇಕು. ಇನ್ನು ಮೇಲೆ ದಿನಾ ಆಫ್ ಮಾಡುವ ಮುಂಚೆ ಇಪ್ಪತ್ತು ನಿಮಿಷ ಫ್ಯಾನ್ ಮೋಡ್‌ಗೆ ಹಾಕಿದರೆ ಕಾಯಿಲ್, ಬ್ಲೋವರ್ ಎರಡೂ ಒಣಗುತ್ತವೆ, ಬೂಷ್ಟು ಅಷ್ಟು ಬೇಗ ವಾಪಸ್ ಬರುವುದಿಲ್ಲ.

ಇಷ್ಟಾದ ಮೇಲೂ ಕಾಯಿಲ್ ಮೇಲೆ ಮಂಜು ಕಟ್ಟಿದರೆ? ಸಾಮಾನ್ಯವಾಗಿ ತಣ್ಣಗಿನ ಕಾಯಿಲ್ 5ರಿಂದ 10 ಡಿಗ್ರಿ ಆಸುಪಾಸು ಇರುತ್ತದೆ. ಗಾಳಿ ಸಾಲದಿದ್ದರೆ ಅದು ಸೊನ್ನೆಗಿಂತ ಕೆಳಗಿಳಿಯುತ್ತದೆ, ಕಟ್ಟಿದ ಮಂಜು ಉಳಿದ ಗಾಳಿಯನ್ನೂ ತಡೆಯುತ್ತದೆ. ಕೊಳೆಯಿಂದ ಆಗುತ್ತಿದ್ದ ಮಂಜು ಕ್ಲೀನ್ ಮಾಡಿದ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಈಗ ಗ್ಯಾಸ್ ಮೇಲೆ ಅನುಮಾನ ಪಡಬಹುದು. ಆದರೆ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗಿ ಮುಗಿಯುವುದಿಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಕೊಳವೆಯ ಬೆಸುಗೆಗಳ ಹತ್ತಿರ ಎಣ್ಣೆಯ ಕಲೆ ಕಂಡರೆ ಅದರ ಫೋಟೋ ತೆಗೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ತೋರಿಸಿ. ಸೋರುವ ಜಾಗ ಹುಡುಕದೆ ಗ್ಯಾಸ್ ಮಾತ್ರ ತುಂಬಿಸಿ ಹೋಗುತ್ತೇನೆ ಅಂದರೆ ಒಪ್ಪಬೇಡಿ, ಮೊದಲು ಸೋರಿಕೆ ನಿಲ್ಲಿಸಲು ಹೇಳಿ.